ಹಳೆಯ ಟರ್ಬೋ ಜೀಪು: ಎಂಜಿನ್ ಬಡಿತ ಮತ್ತು ಗಾಳಿ ಸೋರಿಕೆಯನ್ನು ಪತ್ತೆ ಹಚ್ಚುವ ಕ್ರಮ

ಚನ್ನಪಟ್ಟಣ ತಾಲ್ಲೂಕಿನ ಬೈರಾಪಟ್ಟಣದಂತಹ ಊರುಗಳಲ್ಲಿ ರೇಷ್ಮೆ ಗೂಡು, ಎಳನೀರು, ಮಾವಿನಹಣ್ಣುಗಳನ್ನು ಮಾರುಕಟ್ಟೆಗೆ ಸಾಗಿಸಲು ಹಳೆಯ ಡೀಸೆಲ್ ಜೀಪು, ಕಾರುಗಳೂ ಒದಗಿಬರುತ್ತವೆ. ಇವುಗಳಲ್ಲಿ ಗೂಡು ಕಾಯುವ ಸರಕಲ್ಲ. ಹಣ್ಣಾದ ಹುಳುವನ್ನು ಚಂದ್ರಿಕೆಗೆ ಬಿಟ್ಟ ಐದಾರು ದಿನಗಳಲ್ಲಿ ಗೂಡು ಬಿಡಿಸಿ ರಾಮನಗರದ ಮಾರುಕಟ್ಟೆಗೆ ಮುಟ್ಟಿಸಬೇಕು. ತಡವಾದಷ್ಟೂ ತೂಕ ಇಳಿಯುತ್ತದೆ; ಇನ್ನೂ ಕೆಲವು ದಿನ ಕಳೆದರೆ ಚಿಟ್ಟೆ ಗೂಡನ್ನು ತೂತು ಮಾಡಿ ಹೊರಬರುತ್ತದೆ.

ಇಂತಹ ದಿನವೇ ಜೀಪಿನ ಎಂಜಿನ್ ಬಡಿಯತೊಡಗಿದರೆ ರೈತರು ಸಾಮಾನ್ಯವಾಗಿ ಎರಡು ತಪ್ಪುಗಳಲ್ಲಿ ಒಂದನ್ನು ಮಾಡುತ್ತಾರೆ. ಒಂದು, 'ಹೇಗೋ ಹೋಗಿ ಬರೋಣ' ಎಂದು ಹಾಗೆಯೇ ಓಡಿಸುವುದು. ಇನ್ನೊಂದು, ಶಬ್ದ ಕೇಳಿದೊಡನೆ ಎಂಜಿನ್ ಬಿಚ್ಚಿಸುವುದು. ಮೊದಲನೆಯದರಿಂದ ಎಂಜಿನ್ ಕೆಡಬಹುದು. ಎರಡನೆಯದರಿಂದ ಒಂದು ಬೆಳೆಯ ಲಾಭವೇ ಹೋಗಬಹುದು. ಬಡಿತದ ಬಗೆಯನ್ನು ಗುರುತಿಸಿ, ಗಾಳಿ ಸೋರುವ ಜಾಗಗಳನ್ನು ಮೊದಲು ಪರೀಕ್ಷಿಸಿದರೆ ಎಷ್ಟೋ ಸಲ ಒಂದು ಹೋಸ್ ಪೈಪು ಅಥವಾ ಕ್ಲಿಪ್ಪಿನ ಖರ್ಚಿನಲ್ಲಿ ಕೆಲಸ ಮುಗಿಯುತ್ತದೆ.

ಟರ್ಬೋ ಮಾಡುವ ಕೆಲಸ

ಎಂಜಿನ್ನಿನಿಂದ ಸೈಲೆನ್ಸರಿಗೆ ಹೋಗುವ ಬಿಸಿ ಹೊಗೆ ಒಂದು ಚಕ್ರವನ್ನು ತಿರುಗಿಸುತ್ತದೆ. ಅದೇ ದಂಡದ ಇನ್ನೊಂದು ತುದಿಯ ಚಕ್ರ ಹೊರಗಿನ ಗಾಳಿಯನ್ನು ಒತ್ತಿ ಎಂಜಿನ್ನಿಗೆ ತುಂಬುತ್ತದೆ. ಗಾಳಿ ಹೆಚ್ಚಾದಷ್ಟೂ ಹೆಚ್ಚು ಡೀಸೆಲ್ ಪೂರ್ಣವಾಗಿ ಉರಿದು ಶಕ್ತಿ ದೊರೆಯುತ್ತದೆ. ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಕಿ ಎಂಬ ಎಂಜಿನಿಯರ್ 1905ರಲ್ಲಿ ಈ ಏರ್ಪಾಟಿಗೆ ಪೇಟೆಂಟ್ ಪಡೆದರು. ಟರ್ಬೋದಿಂದ ಎಂಜಿನ್ನಿನವರೆಗಿನ ಗಾಳಿಯ ದಾರಿಯಲ್ಲಿ ರಬ್ಬರ್ ಹೋಸುಗಳೂ ಕ್ಲಿಪ್ಪುಗಳೂ ಇರುತ್ತವೆ. ವಾಹನ ಹಳೆಯದಾದಂತೆ ಶಾಖಕ್ಕೂ ಎಣ್ಣೆಗೂ ರಬ್ಬರ್ ಮೆತ್ತಗಾಗಿ ಬಿರಿಯುತ್ತದೆ, ಕ್ಲಿಪ್ಪು ಸಡಿಲವಾಗುತ್ತದೆ.

ಡೀಸೆಲ್ ಎಂಜಿನ್ ಏಕೆ ಬಡಿಯುತ್ತದೆ?

ಡೀಸೆಲ್ ಎಂಜಿನ್ನಿನಲ್ಲಿ ಕಿಡಿ ಇಲ್ಲ. ಒತ್ತಿದ ಗಾಳಿಯ ಶಾಖದಿಂದಲೇ ಡೀಸೆಲ್ ಹತ್ತಿಕೊಳ್ಳಬೇಕು. ಸಿಂಪಡಣೆಗೂ ಹತ್ತಿಕೊಳ್ಳುವುದಕ್ಕೂ ನಡುವೆ ಕ್ಷಣಮಾತ್ರದ ಅಂತರವಿರುತ್ತದೆ. ಈ ಅಂತರ ಹೆಚ್ಚಾದರೆ ಡೀಸೆಲ್ ಒಳಗೆ ಕೂಡಿಕೊಂಡು ಒಮ್ಮೆಲೇ ಉರಿಯುತ್ತದೆ. ಆ ಏಟೇ ಬಡಿತ. ಎಂಜಿನ್ ತಣ್ಣಗಿರುವುದು, ಟೈಮಿಂಗ್ ಮುಂಚಿತವಾಗಿರುವುದು, ನಾಝಲ್ ತೊಟ್ಟಿಕ್ಕುವುದು, ಕಂಪ್ರೆಶನ್ ಇಳಿದಿರುವುದು, ಕಲಬೆರಕೆ ಡೀಸೆಲ್, ಇವೆಲ್ಲ ಇದಕ್ಕೆ ಕಾರಣಗಳು.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಟರ್ಬೋ ಒತ್ತಿದ ಗಾಳಿಯ ಒತ್ತಡವೂ ಶಾಖವೂ ಹೆಚ್ಚಿರುವುದರಿಂದ ಡೀಸೆಲ್ ಬೇಗ ಹತ್ತಿಕೊಂಡು ಎಂಜಿನ್ ಮೃದುವಾಗಿ ಓಡುತ್ತದೆ. ಆ ಗಾಳಿ ದಾರಿಯಲ್ಲಿ ಸೋರಿದರೆ ಅಂತರ ಹೆಚ್ಚುತ್ತದೆ, ಭಾರ ಎಳೆಯುವಾಗ ಬಡಿತ ಗಡುಸಾಗುತ್ತದೆ. ಆದುದರಿಂದ ಬಡಿತಕ್ಕೂ ಸೋರಿಕೆಗೂ ಸಂಬಂಧವಿದೆ.

ಶಬ್ದವನ್ನು ಗುರುತಿಸುವುದು

1. ಚಳಿಯ ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ಗಡುಸಾದ 'ಟಕಟಕ' ಶಬ್ದ ಬಂದು, ಬಿಸಿಯಾದಂತೆ ಕಡಿಮೆಯಾದರೆ ಅದು ಬಹುಮಟ್ಟಿಗೆ ಡೀಸೆಲ್ ಉರಿಯುವ ಬಡಿತ. ಸವೆದ ಪಿಸ್ಟನ್ನಿನ ಸದ್ದೂ ಬಿಸಿಯಾದಾಗ ಇಳಿಯುತ್ತದೆ; ಆದರೆ ಅದು ಸ್ವಲ್ಪ ಟೊಳ್ಳಾಗಿ ಕೇಳಿಸುತ್ತದೆ.

2. ಮೇಲ್ಭಾಗದಿಂದ ಬರುವ, ಗಡಿಯಾರದಂತಹ ಹಗುರ 'ಟಿಕ್ ಟಿಕ್' ಟ್ಯಾಪೆಟ್ ಸಡಿಲವಾಗಿರುವ ಸೂಚನೆ.

3. ಕೆಳಭಾಗದಿಂದ ಬರುವ ಭಾರವಾದ 'ದಬ್ ದಬ್' ಶಬ್ದ ಏರು ಹತ್ತುವಾಗ ಹೆಚ್ಚಾದರೆ ಬೇರಿಂಗ್ ಸವೆದಿರಬಹುದು. ಇದರೊಂದಿಗೆ ಆಯಿಲ್ ದೀಪ ಹತ್ತಿಕೊಂಡರೆ ಎಂಜಿನ್ನನ್ನು ತಕ್ಷಣ ನಿಲ್ಲಿಸಬೇಕು. ಗೂಡನ್ನು ಬೇರೆ ವಾಹನಕ್ಕೆ ವರ್ಗಾಯಿಸಿ, ಜೀಪನ್ನು ಕಟ್ಟಿ ಎಳೆಸಿಕೊಂಡು ಹೋಗುವುದೇ ಉಳಿತಾಯದ ದಾರಿ.

ಯಾವ ಸಿಲಿಂಡರ್?

ಹಳೆಯ ಮಾದರಿಯ ಯಾಂತ್ರಿಕ ಡೀಸೆಲ್ ಪಂಪಿರುವ ಎಂಜಿನ್ನಿನಲ್ಲಿ ಮೆಕ್ಯಾನಿಕ್‌ಗಳು ನಿಧಾನ ಓಟದಲ್ಲಿ ಒಂದೊಂದೇ ನಾಝಲಿನ ಪೈಪಿನ ನಟ್ಟನ್ನು ಸ್ವಲ್ಪ ಸಡಿಲಿಸಿ ನೋಡುತ್ತಾರೆ. ಯಾವುದನ್ನು ಸಡಿಲಿಸಿದಾಗ ಬಡಿತ ನಿಲ್ಲುವುದೋ ದೋಷ ಆ ಸಿಲಿಂಡರಿನದು. ಆದರೆ ದೋಷ ನಾಝಲಿನದೇ ಎಂದು ಇಷ್ಟರಿಂದಲೇ ತೀರ್ಮಾನಿಸಬಾರದು. ಭಾರ ತಪ್ಪಿದಾಗ ಬೇರಿಂಗಿನ ಶಬ್ದವೂ ಇಳಿಯುತ್ತದೆ. ಆದುದರಿಂದ ಆ ನಾಝಲನ್ನು ಪಕ್ಕದ ಸಿಲಿಂಡರಿಗೆ ಬದಲಾಯಿಸಿ ನೋಡುವುದು ಉತ್ತಮ. ಬಡಿತವೂ ಜೊತೆಗೇ ಸ್ಥಳ ಬದಲಿಸಿದರೆ ನಾಝಲ್ ಕೆಟ್ಟಿದೆ. ಬಡಿತ ಇದ್ದಲ್ಲಿಯೇ ಉಳಿದರೆ ಮಾತ್ರ ಎಂಜಿನ್ ಬಿಚ್ಚುವ ಯೋಚನೆ ಮಾಡಬೇಕು.

ಎಚ್ಚರಿಕೆ: ಕಾಮನ್ ರೈಲ್ ಮಾದರಿಯ ಎಂಜಿನ್ನುಗಳಲ್ಲಿ ಈ ನಟ್ಟುಗಳನ್ನು ಓಡುವಾಗ ಎಂದಿಗೂ ಸಡಿಲಿಸಕೂಡದು. ಅಲ್ಲಿ ಡೀಸೆಲಿನ ಒತ್ತಡ ವಾತಾವರಣದ ಒತ್ತಡದ ಸಾವಿರ ಪಟ್ಟನ್ನೂ ಮೀರುತ್ತದೆ. ಎಳೆಯಷ್ಟು ಸಣ್ಣ ಚಿಲುಮೆಯೂ ಚರ್ಮವನ್ನು ಭೇದಿಸಿ ಒಳಸೇರುತ್ತದೆ. ಹಾಗಾದಲ್ಲಿ ಗಾಯ ಚಿಕ್ಕದಾಗಿ ಕಂಡರೂ ಕೂಡಲೇ ಆಸ್ಪತ್ರೆಗೆ ಹೋಗಬೇಕು.

ಮೂರು ಬಗೆಯ ಸೋರಿಕೆಗಳು

(ಅ) ಟರ್ಬೋ ಗಾಳಿಯ ಸೋರಿಕೆ: ಏರಿನಲ್ಲಿ ಎಳೆತ ಕುಗ್ಗುವುದು, ಕಪ್ಪು ಹೊಗೆ, 'ಸುಸ್' ಎಂಬ ಶಬ್ದ ಇದರ ಗುರುತುಗಳು. ಕೆಲವು ಪಂಪುಗಳು ಗಾಳಿಯ ಒತ್ತಡ ಇಳಿದಂತೆ ಡೀಸೆಲನ್ನೂ ಇಳಿಸುವುದರಿಂದ ಹೊಗೆಯಿಲ್ಲದೆ ಬರೀ ಎಳೆತ ಕುಗ್ಗುವುದೂ ಉಂಟು. ಎಂಜಿನ್ ನಿಲ್ಲಿಸಿ, ತಣ್ಣಗಾದ ಮೇಲೆ ಹೋಸುಗಳನ್ನು ಬಗ್ಗಿಸಿ ತಳಭಾಗವನ್ನು ನೋಡಬೇಕು. ಜೋಡಣೆಯ ಸುತ್ತ ಎಣ್ಣೆ ಮೆತ್ತಿದ ಧೂಳು ಕಂಡರೆ ಅಲ್ಲಿ ಗಾಳಿ ಹೊರಬರುತ್ತಿರುವ ಸಂಭವವಿದೆ. ಅನಂತರ ಒಬ್ಬರು ಎಂಜಿನ್ ಓಡಿಸಿ ವೇಗ ಹೆಚ್ಚಿಸುತ್ತಿರಲು, ಇನ್ನೊಬ್ಬರು ಫ್ಯಾನ್ ಬೆಲ್ಟಿನಿಂದ ದೂರ ನಿಂತು ಜೋಡಣೆಗಳಿಗೆ ಸೋಪಿನ ನೀರು ಹಾಕಿದರೆ ಗುಳ್ಳೆ ಏಳುವ ಜಾಗ ಕಾಣುತ್ತದೆ. ಏರ್ ಫಿಲ್ಟರ್ ಧೂಳಿನಿಂದ ಕಟ್ಟಿದ್ದರೂ ಕಪ್ಪು ಹೊಗೆ ಬರುವುದರಿಂದ ಅದನ್ನು ಮೊದಲೇ ನೋಡತಕ್ಕದ್ದು.

(ಆ) ಡೀಸೆಲ್ ಪೈಪಿಗೆ ಗಾಳಿ ಸೇರುವುದು: ಟ್ಯಾಂಕಿನಿಂದ ಪಂಪಿನವರೆಗೆ ಡೀಸೆಲನ್ನು ಎಳೆದುಕೊಳ್ಳುವ ಪೈಪಿನಲ್ಲಿ ಸಣ್ಣ ಬಿರುಕಿದ್ದರೆ ಡೀಸೆಲ್ ಹೊರಗೆ ತೊಟ್ಟಿಕ್ಕುವುದಿಲ್ಲ, ಗಾಳಿ ಒಳಸೇರುತ್ತದೆ. ರಾತ್ರಿ ನಿಲ್ಲಿಸಿದ ಜೀಪು ಬೆಳಗ್ಗೆ ಬೇಗ ಸ್ಟಾರ್ಟ್ ಆಗುವುದಿಲ್ಲ. ಎಂಜಿನ್ ಓಟ ಏರಿಳಿಯುತ್ತದೆ, ಬಡಿತ ಬಿಟ್ಟು ಬಿಟ್ಟು ಬರುತ್ತದೆ. ಪಂಪಿನ ಮುಂದೆ ಒಂದು ತುಂಡು ಪಾರದರ್ಶಕ ಪೈಪನ್ನು ತಾತ್ಕಾಲಿಕವಾಗಿ ಜೋಡಿಸಿದರೆ ಗುಳ್ಳೆಗಳು ಕಣ್ಣಿಗೆ ಕಾಣುತ್ತವೆ.

(ಇ) ವ್ಯಾಕ್ಯೂಮ್ ಸೋರಿಕೆ: ಮೂರರಲ್ಲಿ ಅತ್ಯಂತ ಅಪಾಯಕಾರಿಯಾದುದು ಇದೇ. ಪೆಟ್ರೋಲ್ ಎಂಜಿನ್ ಗಾಳಿ ಎಳೆದುಕೊಳ್ಳುವಾಗ ತಾನೇ ನಿರ್ವಾತ ಉಂಟುಮಾಡುತ್ತದೆ. ಹಳೆಯ ಡೀಸೆಲ್ ಎಂಜಿನ್ನಿನಲ್ಲಿ ಗಾಳಿಗೆ ತಡೆಯಿಲ್ಲದ ಕಾರಣ ಬ್ರೇಕ್ ಬೂಸ್ಟರಿಗಾಗಿ ಪ್ರತ್ಯೇಕ ವ್ಯಾಕ್ಯೂಮ್ ಪಂಪು ಇರುತ್ತದೆ. ಅನೇಕ ಜೀಪುಗಳಲ್ಲಿ ಇದು ಆಲ್ಟರ್ನೇಟರಿನ ಹಿಂಭಾಗದಲ್ಲಿದ್ದು, ಎಂಜಿನ್ ಆಯಿಲಿನಿಂದಲೇ ಜಾರುತನ ಪಡೆಯುತ್ತದೆ. ಇಲ್ಲಿನ ಹೋಸ್ ಬಿರಿದರೆ ಎಂಜಿನ್ ಓಟದಲ್ಲಿ ಏನೂ ವ್ಯತ್ಯಾಸ ಕಾಣದಿರಬಹುದು. ಬ್ರೇಕ್ ಪೆಡಲ್ ಮಾತ್ರ ಕಲ್ಲಿನಂತಾಗುತ್ತದೆ.

ಇದಕ್ಕೆ ಸುಲಭವಾದ ಪರೀಕ್ಷೆಯಿದೆ. ಸಮತಟ್ಟಾದ ಜಾಗದಲ್ಲಿ ಹ್ಯಾಂಡ್ ಬ್ರೇಕ್ ಹಾಕಿ, ಎಂಜಿನ್ ನಿಲ್ಲಿಸಿ ಬ್ರೇಕ್ ಪೆಡಲನ್ನು ನಾಲ್ಕೈದು ಸಲ ತುಳಿಯಬೇಕು. ಪೆಡಲ್ ಗಟ್ಟಿಯಾಗುತ್ತದೆ. ಕಾಲನ್ನು ಹಾಗೆಯೇ ಒತ್ತಿಹಿಡಿದು ಸ್ಟಾರ್ಟ್ ಮಾಡಿದಾಗ ಪೆಡಲ್ ಸ್ವಲ್ಪ ಕೆಳಗಿಳಿಯಬೇಕು. ಇಳಿಯದಿದ್ದರೆ ಪಂಪು, ಹೋಸ್ ಅಥವಾ ಬೂಸ್ಟರಿನಲ್ಲಿ ದೋಷವಿದೆ. ಆ ಬಳಿಕ ಎಂಜಿನ್ ನಿಲ್ಲಿಸಿ ಎರಡು ಮೂರು ನಿಮಿಷ ಬಿಟ್ಟು ತುಳಿದಾಗ ಮೊದಲ ಒಂದೆರಡು ತುಳಿತ ಮೃದುವಾಗಿರಬೇಕು. ಮೊದಲ ತುಳಿತವೇ ಗಟ್ಟಿಯಾಗಿದ್ದರೆ ವ್ಯಾಕ್ಯೂಮ್ ಸೋರುತ್ತಿದೆ ಎಂದರ್ಥ. ಇಂತಹ ಜೀಪಿನಲ್ಲಿ ಆಳನ್ನಾಗಲಿ ಸರಕನ್ನಾಗಲಿ ಕೂಡದು.

ಪೆಟ್ರೋಲ್ ಕಾರಿನ ವಿಷಯ

ಟರ್ಬೋ ಇರುವ ಪೆಟ್ರೋಲ್ ಕಾರಿನಲ್ಲಿ ಲೆಕ್ಕ ಬೇರೆ. ಅಲ್ಲಿ ಮಿಶ್ರಣ ಕಿಡಿಯ ಬೆಂಕಿ ತಲುಪುವ ಮೊದಲೇ ತಾನಾಗಿ ಸಿಡಿಯುವುದೇ ಬಡಿತ. ಟರ್ಬೋ ಒತ್ತಡ ಹೆಚ್ಚಿದಷ್ಟೂ ಬಡಿತದ ಅಪಾಯ ಹೆಚ್ಚು. ಆಕ್ಟೇನ್ ಕಡಿಮೆಯಿರುವ ಪೆಟ್ರೋಲ್, ಒಳಗೆ ಕಟ್ಟಿದ ಮಸಿ, ಮುಂಚಿತವಾದ ಟೈಮಿಂಗ್, ಅತಿ ಶಾಖ ಇದಕ್ಕೆ ಕಾರಣ. ಎಂಜಿನ್ನಿನ ಗಾಳಿ ಪೈಪಿನಲ್ಲಿ ವ್ಯಾಕ್ಯೂಮ್ ಸೋರಿದರೆ ಪೆಟ್ರೋಲಿಗಿಂತ ಗಾಳಿ ಹೆಚ್ಚಾಗಿ, ನಿಧಾನ ಓಟ ಏರುಪೇರಾಗುತ್ತದೆ.

ಸೋರಿಕೆ ಹುಡುಕಲು ಪೆಟ್ರೋಲ್ ಚಿಮುಕಿಸುವ ರೂಢಿಯನ್ನು ಕೈಬಿಡಬೇಕು. ಬಿಸಿ ಟರ್ಬೋಗೆ ತಾಗಿದರೆ ಬೆಂಕಿ ಹತ್ತುತ್ತದೆ. ಡೀಸೆಲ್ ಎಂಜಿನ್ನಿನ ಗಾಳಿಗೆ ಸೇರಿದರೆ ಎಂಜಿನ್ ಹಿಡಿತ ತಪ್ಪಿ ಓಡಬಹುದು.

ಪರೀಕ್ಷೆಯ ಕ್ರಮ

1. ಆಯಿಲ್ ಮಟ್ಟ, ಆಯಿಲ್ ದೀಪ.
2. ಬ್ರೇಕ್ ಪೆಡಲಿನ ಪರೀಕ್ಷೆ.
3. ಏರ್ ಫಿಲ್ಟರ್, ಟರ್ಬೋ ಹೋಸುಗಳು, ಕ್ಲಿಪ್ಪುಗಳು.
4. ಡೀಸೆಲ್ ಫಿಲ್ಟರ್, ಎಳೆಯುವ ಪೈಪು, ಗಾಳಿ ತೆಗೆಯುವುದು.
5. ನಾಝಲ್ ಬದಲಾಯಿಸಿ ನೋಡುವುದು, ಟೈಮಿಂಗ್.
6. ಕಂಪ್ರೆಶನ್ ಅಳತೆ. ಎಂಜಿನ್ ಬಿಚ್ಚುವುದು ಇದರ ಅನಂತರವೇ.

ಮೊದಲ ಮೂರನ್ನು ರೈತರೇ ಮನೆಯಂಗಳದಲ್ಲಿ ಅರ್ಧ ಗಂಟೆಯಲ್ಲಿ ಮಾಡಿಕೊಳ್ಳಬಹುದು. ಉಳಿದವನ್ನು ನುರಿತ ಮೆಕ್ಯಾನಿಕ್‌ಗೆ ಒಪ್ಪಿಸುವುದು ಒಳಿತು. ಶಬ್ದ ತಣ್ಣಗಿರುವಾಗ ಬರುವುದೋ ಬಿಸಿಯಲ್ಲೋ, ಏರಿನಲ್ಲೋ ಇಳಿಜಾರಿನಲ್ಲೋ, ಹೊಗೆಯ ಬಣ್ಣ ಯಾವುದು ಎಂಬುದನ್ನು ಬರೆದುಕೊಂಡು ಹೋದರೆ ಅವರ ಕೆಲಸ ಅರ್ಧ ಹಗುರವಾಗುತ್ತದೆ. ದೂರ ಓಡಿಸಿ ಬಂದ ಮೇಲೆ ಒಂದೆರಡು ನಿಮಿಷ ನಿಧಾನ ಓಟದಲ್ಲಿಟ್ಟು ನಿಲ್ಲಿಸಿದರೆ ಟರ್ಬೋ ಬೇರಿಂಗ್ ಬಾಳಿಕೆ ಬರುತ್ತದೆ.

ಹಣ್ಣು ಹುಳುವನ್ನು ಚಂದ್ರಿಕೆಗೆ ಬಿಟ್ಟ ದಿನವೇ ಜೀಪಿನ ಈ ಪರೀಕ್ಷೆಯನ್ನೂ ಮಾಡಿಟ್ಟುಕೊಂಡರೆ, ದೋಷ ಕಂಡರೂ ಸರಿಪಡಿಸಿಕೊಳ್ಳಲು ಐದು ದಿನಗಳ ಅವಕಾಶ ಸಿಗುತ್ತದೆ. ಗೂಡು ಬಿಡಿಸಿದ ಬೆಳಗ್ಗೆ ಆ ಅವಕಾಶ ಇರುವುದಿಲ್ಲ.