ಲಾಯದ ಕುದುರೆಯೂ ಅದರ ಹುಲ್ಲೂ

ನಗರವಾಸಿಗಳಾದ ನಮಗೆ ಕುದುರೆಯ ದರ್ಶನವು ದಿನೇ ದಿನೇ ಅಪರೂಪವಾಗುತ್ತ ಬಂದಿದೆ. ಮುಂಬಯಿಯ ಬೀದಿಗಳಲ್ಲಿ ಬಹುಕಾಲ ಓಡಾಡಿದ ವಿಕ್ಟೋರಿಯಾ ಗಾಡಿಗಳ ವಿಹಾರವು ಕಾನೂನಿಗೆ ವಿರುದ್ಧವೆಂದು ಇಲ್ಲಿಯ ಉಚ್ಚ ನ್ಯಾಯಾಲಯವು 2015ರಲ್ಲಿ ತೀರ್ಪಿತ್ತಿತು. ಆದರೂ ಮಹಾಲಕ್ಷ್ಮಿಯ ಓಟದ ಬಯಲಿನಲ್ಲಿ, ಮಾಥೇರಾನಿನ ಕೆಮ್ಮಣ್ಣಿನ ದಾರಿಗಳಲ್ಲಿ, ಮದುವೆಯ ಮೆರವಣಿಗೆಗಳಲ್ಲಿ ಅದು ಇನ್ನೂ ಕಣ್ಣಿಗೆ ಬೀಳುವುದುಂಟು. ಅದರ ವೇಗವನ್ನೂ ಅಂದವನ್ನೂ ನಾವು ಮೆಚ್ಚುತ್ತೇವೆ. ಆದರೆ ಲಾಯಕ್ಕೆ ಮರಳಿದ ಮೇಲೆ ಅದು ಏನನ್ನು ತಿನ್ನುತ್ತದೆ, ಎಷ್ಟು ಹೊತ್ತು ತಿನ್ನುತ್ತದೆ ಎಂದು ವಿಚಾರಿಸುವವರು ವಿರಳ. ನಾವು ಈ ಪಾಠಕ್ಕೆ ಎತ್ತಿಕೊಂಡಿರುವುದು ಆ ಎರಡನೆಯ ಪ್ರಶ್ನೆಯನ್ನೇ. ‘ಎಷ್ಟು ಹುಲ್ಲು’ ಎಂಬುದರಷ್ಟೇ ‘ಎಷ್ಟು ಹೊತ್ತು’ ಎಂಬುದೂ ಕುದುರೆಯ ಪಾಲಿಗೆ ಮುಖ್ಯವಾದುದು. ಕೆಲವು ವೇಳೆ ಅದರ ಪ್ರಾಣವೇ ಇದನ್ನು ಅವಲಂಬಿಸಿರುತ್ತದೆ.

ಹಸುವೂ ಹುಲ್ಲು ತಿನ್ನುವ ಪ್ರಾಣಿ, ಕುದುರೆಯೂ ಹುಲ್ಲು ತಿನ್ನುವ ಪ್ರಾಣಿ. ಆದರೆ ಇವೆರಡರ ಹೊಟ್ಟೆಯ ರಚನೆ ಒಂದೇ ಅಲ್ಲ. ಹಸುವಿನ ಜಠರದಲ್ಲಿ ನಾಲ್ಕು ಕೋಣೆಗಳಿವೆ. ಅದು ಅವಸರದಿಂದ ಮೇಯ್ದು, ಆ ಬಳಿಕ ಮರದ ನೆರಳಿನಲ್ಲಿ ಮಲಗಿ, ನುಂಗಿದುದನ್ನು ಮತ್ತೆ ಬಾಯಿಗೆ ತಂದು ನಿಧಾನವಾಗಿ ಮೆಲುಕು ಹಾಕಬಲ್ಲುದು. ಕುದುರೆಗೆ ಈ ಎರಡನೆಯ ಅವಕಾಶವಿಲ್ಲ. ಒಮ್ಮೆ ನುಂಗಿದುದು ಮುಂದಕ್ಕೆ ಹೋಗಬೇಕೇ ಹೊರತು ಹಿಂದಕ್ಕೆ ಬರಲಾರದು. ಅದು ವಾಂತಿಯನ್ನೂ ಮಾಡಲಾರದು. ಅದರ ಜಠರವೋ, ಅಷ್ಟು ದೊಡ್ಡ ಮೈಗೆ ಹೋಲಿಸಿದರೆ ಬಹಳ ಚಿಕ್ಕದು. 500 ಕಿಲೋಗ್ರಾಂ ತೂಗುವ ಕುದುರೆಯ ಜಠರದಲ್ಲಿ ಹಿಡಿಸುವುದು ಸುಮಾರು 8ರಿಂದ 15 ಲೀಟರು ಮಾತ್ರ. ಹುಲ್ಲಿನ ನಾರು ನಿಜವಾಗಿ ಪಚನವಾಗುವುದು ಅಲ್ಲಿಂದ ಬಹುದೂರ ಸಾಗಿದ ಮೇಲೆ, ದೊಡ್ಡ ಕರುಳಿನಲ್ಲಿ ನೆಲೆಸಿರುವ ಅಸಂಖ್ಯ ಸೂಕ್ಷ್ಮಜೀವಿಗಳ ಕೆಲಸದಿಂದ. ಇಂಥ ಪ್ರಾಣಿಯು ಸ್ವಲ್ಪ ಸ್ವಲ್ಪವಾಗಿ, ಆದರೆ ಹೆಚ್ಚು ಕಡಿಮೆ ಇಡೀ ದಿನ ತಿನ್ನಬೇಕೆಂಬುದು ಸೃಷ್ಟಿಯ ಏರ್ಪಾಟು. ಬಯಲಿನಲ್ಲಿ ಸ್ವತಂತ್ರವಾಗಿ ಬಿಟ್ಟ ಕುದುರೆಯು ದಿನಕ್ಕೆ 14 ಗಂಟೆಗಳಿಗೂ ಮೀರಿ ಮೇಯುತ್ತಲೇ ಇರುತ್ತದೆ.

ಇನ್ನೊಂದು ವಿಶೇಷವನ್ನು ವಿದ್ಯಾರ್ಥಿಗಳು ಚೆನ್ನಾಗಿ ಗಮನಿಸಬೇಕು. ನಮ್ಮ ಜಠರದಲ್ಲಿ ಆಮ್ಲವು ಹೆಚ್ಚಾಗಿ ಒಸರುವುದು ಊಟದ ಹೊತ್ತಿಗೆ. ಕುದುರೆಯ ಜಠರದಲ್ಲಾದರೋ ತಿಂದರೂ ತಿನ್ನದಿದ್ದರೂ, ಹಗಲೂ ರಾತ್ರಿಯೂ ಅದು ಒಸರುತ್ತಲೇ ಇರುತ್ತದೆ. ಆ ಆಮ್ಲದ ಉಗ್ರತೆಯನ್ನು ತಗ್ಗಿಸುವುದು ಕ್ಷಾರಗುಣವುಳ್ಳ ಜೊಲ್ಲು. ಹುಣಿಸೆಹಣ್ಣನ್ನು ಕಂಡ ಮಾತ್ರಕ್ಕೆ ನಮ್ಮ ಬಾಯಲ್ಲಿ ನೀರೂರುವುದಷ್ಟೆ! ಕುದುರೆಗೆ ಹಾಗಲ್ಲ, ಅದು ಅಗಿಯುತ್ತಿರುವಾಗ ಮಾತ್ರ ಜೊಲ್ಲು ಸುರಿಯುತ್ತದೆ. ದಿನವೆಲ್ಲ ಮೇಯುವ ಕುದುರೆಯಲ್ಲಿ ಇದರ ಪ್ರಮಾಣ 30 ಲೀಟರಿಗೂ ಹೆಚ್ಚು. ಅಗಿಯುವುದು ನಿಂತಿತೆಂದರೆ ಜೊಲ್ಲೂ ನಿಂತಿತು, ಆದರೆ ಆಮ್ಲ ನಿಲ್ಲಲಿಲ್ಲ. ಜಠರದ ಕೆಳಭಾಗಕ್ಕೆ ಲೋಳೆಯ ರಕ್ಷಣೆಯುಂಟು, ಮೇಲ್ಭಾಗಕ್ಕೆ ಅದಿಲ್ಲ. ಬರಿಹೊಟ್ಟೆಯಲ್ಲಿ ಕುದುರೆಯನ್ನು ಓಡಿಸಿದಾಗ ಆಮ್ಲವು ಮೇಲಕ್ಕೆ ಚಿಮ್ಮಿ ಆ ಭಾಗವನ್ನು ಸುಡುತ್ತದೆ. ಓಟಕ್ಕೆ ತರಬೇತಾಗುತ್ತಿರುವ ಕುದುರೆಗಳಲ್ಲಿ ಬಹುಪಾಲಿಗೆ ಜಠರದ ಹುಣ್ಣಿರುವುದನ್ನು ಪಶುವೈದ್ಯರು ಕಂಡುಹಿಡಿದಿದ್ದಾರೆ. ಸವಾರಿಗೆ ಮುಂಚೆ ಒಂದಿಷ್ಟು ಹುಲ್ಲನ್ನು ತಿನ್ನಿಸಿದರೆ ಅದು ಆಮ್ಲದ ಮೇಲೆ ಚಾಪೆ ಹಾಸಿದಂತೆ ಕುಳಿತು ಅದನ್ನು ಚಿಮ್ಮಗೊಡುವುದಿಲ್ಲ.

ಈಗ ಲಾಯದ ದಿನಚರಿಯನ್ನು ಲೆಕ್ಕ ಹಾಕಿ ನೋಡೋಣ. 500 ಕಿಲೋಗ್ರಾಂ ತೂಗುವ ಕುದುರೆಗೆ ದಿನಕ್ಕೆ ಸುಮಾರು 10 ಕಿಲೋಗ್ರಾಂ ಒಣಹುಲ್ಲು ಬೇಕು. ನೆಲದ ಮೇಲೆ ಸಡಿಲವಾಗಿ ಹಾಕಿದ ಒಂದು ಕಿಲೋಗ್ರಾಂ ಹುಲ್ಲನ್ನು ಮುಗಿಸಲು ಅದಕ್ಕೆ ಸುಮಾರು 40 ನಿಮಿಷ ಸಾಕು. ಸಂಜೆ 6 ಗಂಟೆಗೆ 5 ಕಿಲೋಗ್ರಾಂ ಹಾಕಿದರೆಂದು ಇಟ್ಟುಕೊಳ್ಳಿ. 9 ಗಂಟೆ 20 ನಿಮಿಷಕ್ಕೆ ಅದು ಮುಗಿಯಿತು. ಬೆಳಗ್ಗೆ 6 ಗಂಟೆಗೆ ಮತ್ತೆ ಹುಲ್ಲು ಬರುವವರೆಗೆ 8 ಗಂಟೆ 40 ನಿಮಿಷಗಳ ಕಾಲ ಆ ಮೂಕಪ್ರಾಣಿಯು ಕತ್ತಲೆಯಲ್ಲಿ ಬರಿಹೊಟ್ಟೆಯಿಂದ ನಿಂತಿರುತ್ತದೆ. ತಜ್ಞರ ಅಭಿಪ್ರಾಯದಲ್ಲಿ ಈ ಅಂತರವು 4 ಗಂಟೆಗಳನ್ನು ಮೀರದಿರುವುದು ಲೇಸು. ಕಾಳಿನ ವಿಷಯವಂತೂ ಇನ್ನೂ ಬೇರೆ. ನಮ್ಮ ನಾಡಿನಲ್ಲಿ ಕುದುರೆಗೂ ಹುರುಳಿಗೂ ಇರುವ ನಂಟು ಹಳೆಯದು. ಆಂಗ್ಲರು ಹುರುಳಿಗೆ ‘ಕುದುರೆಯ ಕಾಳು’ ಎಂಬರ್ಥದ ಹೆಸರನ್ನೇ ಇಟ್ಟರು. ಬಲ ಕೊಡುವ ಆಹಾರವದು, ಸಂದೇಹವಿಲ್ಲ. ಆದರೆ ಕಾಳು ಕೆಲವೇ ನಿಮಿಷಗಳಲ್ಲಿ ಮುಗಿದುಹೋಗುತ್ತದೆ. ಹುಲ್ಲು ಬೇಡುವಷ್ಟು ಅಗಿತವನ್ನು ಅದು ಬೇಡುವುದಿಲ್ಲ.

ಹೀಗೆ ನಿಂತ ಕುದುರೆಯು ಸುಮ್ಮನಿರಲಾರದು. ಕೆಲವು ಬಾಗಿಲಿನ ಮರವನ್ನು ಕಡಿಯುತ್ತವೆ, ಕೆಲವು ಗೋದಲಿಯ ಅಂಚನ್ನು ಹಲ್ಲಿನಿಂದ ಕಚ್ಚಿ ಗಾಳಿಯನ್ನು ಎಳೆದುಕೊಳ್ಳುತ್ತವೆ. ಜನರು ಇದನ್ನು ‘ಕೆಟ್ಟ ಚಾಳಿ’ ಎನ್ನುವರು. ಚಾಳಿಯನ್ನು ಕಲಿಸಿದವರು ಯಾರೆಂಬುದನ್ನು ಕೇಳುವುದಿಲ್ಲ. ಬೆಳಗಾಗಿ ಹುಲ್ಲು ಬಂದೊಡನೆ ಅದು ಆತುರದಿಂದ ಮುಕ್ಕಿದರೆ ‘ಹೊಟ್ಟೆಬಾಕ’ ಎಂಬ ಬಿರುದೂ ಸಿಗುತ್ತದೆ. ಹುಣ್ಣಿಗಿಂತಲೂ ಭಯಂಕರವಾದುದು ಹೊಟ್ಟೆಶೂಲೆ. ಶೂಲೆ ಬಂದ ಕುದುರೆಯು ಕಾಲಿನಿಂದ ನೆಲವನ್ನು ಕೆರೆಯುತ್ತದೆ, ಪಕ್ಕೆಯ ಕಡೆಗೆ ತಿರುಗಿ ತಿರುಗಿ ನೋಡುತ್ತದೆ, ನೆಲಕ್ಕೆ ಬಿದ್ದು ಹೊರಳಾಡುತ್ತದೆ. ಕರುಳು ತಿರುಚಿಕೊಂಡಿದ್ದರೆ ಶಸ್ತ್ರಚಿಕಿತ್ಸೆಯಿಲ್ಲದೆ ಅದು ಬದುಕುವುದಿಲ್ಲ. ಶೂಲೆಗೆ ಕಾರಣಗಳು ಹಲವು. ಹುಲ್ಲು ಕಡಿಮೆಯಾಗಿ ಕಾಳು ಹೆಚ್ಚಾಗುವುದು ಅವುಗಳಲ್ಲಿ ಮುಖ್ಯವಾದುದೊಂದು.

ಹಾಗಾದರೆ ಮಾಡತಕ್ಕದ್ದೇನು? ಹುಲ್ಲನ್ನು ಬೇಕಾದಷ್ಟು ಸುರಿದುಬಿಡುವುದು ಸುಲಭವೆಂದು ತೋರಬಹುದು. ಆದರೆ ಲಾಯದಲ್ಲಿ ಕಟ್ಟಿದ ಕುದುರೆಯು ಮಿತಿಯಿಲ್ಲದೆ ತಿಂದರೆ ಬೊಜ್ಜು ಬೆಳೆದು ಬೇರೆ ರೋಗಗಳಿಗೆ ತುತ್ತಾಗುತ್ತದೆ. ಆದುದರಿಂದ ಹುಲ್ಲು ಅಷ್ಟೇ ಇರಬೇಕು, ಹೊತ್ತು ಹೆಚ್ಚಾಗಬೇಕು. ಇದಕ್ಕೆ ಕಂಡುಕೊಂಡ ಉಪಾಯವು ಬಹು ಸರಳ: ಸಣ್ಣ ಕಣ್ಣಿನ ಬಲೆ. ಬಲೆಯಲ್ಲಿ ತುಂಬಿದ ಹುಲ್ಲನ್ನು ಕುದುರೆಯು ಬಾಯಿ ತುಂಬ ಎಳೆದುಕೊಳ್ಳಲಾರದು. ತುಟಿಯಿಂದಲೂ ಹಲ್ಲಿನಿಂದಲೂ ನಾಲ್ಕಾರು ಎಸಳುಗಳನ್ನು ಮಾತ್ರ ಕೀಳಬಲ್ಲುದು, ಬಯಲಿನಲ್ಲಿ ಮೇಯುವಂತೆಯೇ. ಅಮೆರಿಕೆಯ ಮಿನ್ನೆಸೋಟ ವಿಶ್ವವಿದ್ಯಾಲಯದ ಸಂಶೋಧಕರು ಇದನ್ನು ಅಳೆದು ನೋಡಿ 2014ರಲ್ಲಿ ಪ್ರಕಟಿಸಿದರು. ಕುದುರೆಗಳಿಗೆ ಅವುಗಳ ತೂಕದ ನೂರರಲ್ಲಿ ಒಂದು ಪಾಲಿನಷ್ಟು ಹುಲ್ಲನ್ನು ದಿನಕ್ಕೆ ಎರಡು ಸಲ ಕೊಟ್ಟರು. ನೆಲದ ಮೇಲೆ ಹಾಕಿದುದು ಸುಮಾರು 3 ಗಂಟೆಗಳಲ್ಲಿ ಮುಗಿಯಿತು. 15 ಸೆಂಟಿಮೀಟರು ಕಣ್ಣಿನ ದೊಡ್ಡ ಬಲೆಯಿಂದ ಹೇಳಿಕೊಳ್ಳುವಂಥ ವ್ಯತ್ಯಾಸವಾಗಲಿಲ್ಲ. ಸುಮಾರು 4½ ಸೆಂಟಿಮೀಟರಿನ ಬಲೆಯಲ್ಲಿ 5 ಗಂಟೆ ಹಿಡಿಯಿತು. ಸುಮಾರು 3 ಸೆಂಟಿಮೀಟರಿನ ಬಲೆಯಲ್ಲಿ 6½ ಗಂಟೆ. ಎರಡು ಸಲದ ಹುಲ್ಲನ್ನು ಕೂಡಿಸಿದರೆ 13 ಗಂಟೆಗಳಾಯಿತು. ಬಯಲಿನ ಕುದುರೆಯ ಲೆಕ್ಕಕ್ಕೆ ಇದು ಎಷ್ಟು ಸಮೀಪವೆಂಬುದನ್ನು ನೋಡಿರಿ! ಒಂದೆಳೆ ಹುಲ್ಲನ್ನೂ ಹೆಚ್ಚಿಸದೆ, ದಾರದ ಕೆಲವು ಗಂಟುಗಳಿಂದ ಸಾಧಿಸಿದ ಕಾರ್ಯವಿದು.

ಬಲೆಯಲ್ಲಿಯೂ ಅಪಾಯಗಳಿಲ್ಲದಿಲ್ಲ. ಅದನ್ನು ತೀರ ಕೆಳಗೆ ಕಟ್ಟಿದರೆ ಲಾಳ ಹೊಡೆದ ಕಾಲು ಅದರೊಳಗೆ ಸಿಕ್ಕಿಕೊಂಡು ಕುದುರೆಯು ಗಾಬರಿಯಿಂದ ಕಾಲು ಮುರಿದುಕೊಳ್ಳಬಹುದು. ಹುಲ್ಲು ಮುಗಿದ ಬಲೆಯು ಜೋತು ಬೀಳುವುದೆಂಬುದನ್ನು ನೆನಪಿನಲ್ಲಿಟ್ಟು, ಆಗಲೂ ಅದು ಎದೆಯ ಮಟ್ಟಕ್ಕಿಂತ ಕೆಳಗಿಳಿಯದಂತೆ ಕಟ್ಟಬೇಕು. ಗಂಟು ಒಂದೇ ಎಳೆತಕ್ಕೆ ಬಿಚ್ಚುವಂತಿರಬೇಕು. ತೀರ ಮೇಲೆ ಕಟ್ಟಿದರೆ ಧೂಳೆಲ್ಲ ಕಣ್ಣಿಗೂ ಮೂಗಿಗೂ ಬೀಳುತ್ತದೆ. ತಲೆ ತಗ್ಗಿಸಿ ತಿನ್ನುವುದು ಕುದುರೆಗೆ ಸಹಜ; ಆಗ ಮೂಗಿನ ಕಶ್ಮಲವೂ ತಾನಾಗಿ ಇಳಿದುಹೋಗುತ್ತದೆ. ಆದುದರಿಂದ ಜಾಲರಿ ಮುಚ್ಚಿದ ಪೆಟ್ಟಿಗೆಯನ್ನು ನೆಲದ ಮೇಲಿಡುವ ಪದ್ಧತಿಯೂ ಬಳಕೆಯಲ್ಲಿದೆ. ನಮ್ಮ ಮತದಲ್ಲಿ ಅದೇ ಮೇಲು, ಜಾಲರಿಯು ಕಬ್ಬಿಣದ್ದಾಗಿ ಹಲ್ಲನ್ನು ಸವೆಸದಿದ್ದರೆ. ಎಳೆಯ ಹುಲ್ಲಿಗಿಂತ ಬಲಿತ ಹುಲ್ಲನ್ನು ಕುದುರೆಯು ನಿಧಾನವಾಗಿ ತಿನ್ನುತ್ತದೆ ಎಂಬುದನ್ನೂ ಇಲ್ಲಿ ಸೇರಿಸಬಹುದು.

ಬಲೆಯನ್ನು ಏಕಾಏಕಿ ತರಬಾರದು. ಹಸಿದ ಕುದುರೆಗೆ ಸಣ್ಣ ಕಣ್ಣಿನ ಬಲೆಯನ್ನು ಒಮ್ಮೆಗೇ ಒಡ್ಡಿದರೆ ಅದು ಸಿಟ್ಟಿಗೆದ್ದು ಬಲೆಯನ್ನೇ ಹರಿಯುತ್ತದೆ. ಮೊದಲ ದಿನಗಳಲ್ಲಿ ಅರ್ಧ ಹುಲ್ಲನ್ನು ನೆಲದ ಮೇಲೆ ಸಡಿಲವಾಗಿ ಹಾಕಿ, ಉಳಿದರ್ಧವನ್ನು ದೊಡ್ಡ ಕಣ್ಣಿನ ಬಲೆಯಲ್ಲಿಟ್ಟು, ವಾರ ಕಳೆದಂತೆ ಕಣ್ಣನ್ನು ಕಿರಿದು ಮಾಡುತ್ತ ಹೋಗಬೇಕು. ಕುದುರೆಯ ಮೈ ಇಳಿಯುತ್ತಿದೆಯೇ ಎಂಬುದನ್ನೂ ಗಮನಿಸುತ್ತಿರಬೇಕು. ಹಲ್ಲು ಸವೆದ ಮುದಿ ಕುದುರೆಗೆ ಈ ಉಪಾಯವು ಸಲ್ಲದು.

ಗಣಿತಪ್ರಿಯರಾದ ವಿದ್ಯಾರ್ಥಿಗಳಿಗೆ ಒಂದು ಲೆಕ್ಕ. 450 ಕಿಲೋಗ್ರಾಂ ತೂಗುವ ಕುದುರೆಗೆ ದಿನಕ್ಕೆ 9 ಕಿಲೋಗ್ರಾಂ ಹುಲ್ಲು. ಸಣ್ಣ ಬಲೆಯಲ್ಲಿ ಕಿಲೋಗ್ರಾಮಿಗೆ 70 ನಿಮಿಷ ಹಿಡಿಯುವುದೆಂದು ಇಟ್ಟುಕೊಳ್ಳಿ. ಯಾವ ಹೊತ್ತಿನಲ್ಲಿಯೂ ಅದು 4 ಗಂಟೆಗಳಿಗಿಂತ ಹೆಚ್ಚು ಕಾಲ ಬರಿಹೊಟ್ಟೆಯಿಂದ ನಿಲ್ಲಬಾರದಾದರೆ, ಸಮಪಾಲು ಮಾಡಿದ ಹುಲ್ಲನ್ನು ದಿನಕ್ಕೆ ಎಷ್ಟು ಸಲ ಕೊಡಬೇಕು? ಅವುಗಳಲ್ಲಿ ಒಂದನ್ನಾದರೂ ಕೊಡಲು ರಾತ್ರಿಯಲ್ಲಿ ಯಾರು ಏಳಬೇಕಾದೀತು?