ಮೊದಲ ಪಟ್ಟಿ ನೆಟ್ಟಗಿರಲಿ
ಗೋಡೆಗೆ ವಾಲ್‌ಪೇಪರ್ ನೀವೇ ಅಂಟಿಸುವ ಆಸೆಯೇ? ಒಳ್ಳೆಯದು. ಆದರೆ ಮೊದಲ ಸಲಕ್ಕೇ ಇಡೀ ಹಾಲ್ ಬೇಡ. ಕಿಟಕಿ, ಸ್ವಿಚ್‌ಬೋರ್ಡ್ ಇಲ್ಲದ ಒಂದೇ ಗೋಡೆ ಆರಿಸಿಕೊಳ್ಳಿ. ಮಳೆಗಾಲದಲ್ಲಿ ತೇವ ಹಿಡಿಯುವ ಗೋಡೆಯಾದರೆ ಕೈಬಿಡಿ. ಕಾಗದ ತೇವವನ್ನು ಮರೆಮಾಡುತ್ತದೆಯೇ ಹೊರತು ತಡೆಯುವುದಿಲ್ಲ. ಅದರ ಹಿಂದೆ ಬೂಷ್ಟು ಬೆಳೆಯುತ್ತಿರುತ್ತದೆ.

ಸಾಮಾನ್ಯವಾಗಿ ಸಿಗುವ ರೋಲ್ 53 ಸೆಂ.ಮೀ. ಅಗಲ, 10 ಮೀಟರ್ ಉದ್ದ. ಅಂಗಡಿಯವರ ಲೆಕ್ಕದಲ್ಲಿ 57 ಚದರಡಿ. ಹತ್ತಡಿ ಎತ್ತರದ ಗೋಡೆಗೆ ಮೂರು ಪಟ್ಟಿ ಬರುತ್ತದೆ. ದೊಡ್ಡ ಹೂವಿನ ವಿನ್ಯಾಸವಾದರೆ ಹೊಂದಿಸುವುದರಲ್ಲೇ ಒಂದಷ್ಟು ದಂಡ. ಒಂದು ರೋಲ್ ಹೆಚ್ಚಿಗೇ ತನ್ನಿ. ಎಲ್ಲದರ ಬ್ಯಾಚ್ ನಂಬರ್ ಒಂದೇ ಇರಲಿ, ಇಲ್ಲವಾದರೆ ಬಣ್ಣ ತುಸು ಬೇರೆಯಾದೀತು.

ಹೊಸಬರು ಎಡವುವುದು ಮೊದಲ ಪಟ್ಟಿಯಲ್ಲಿ. ಮೂಲೆ ನೆಟ್ಟಗಿದೆ ಎಂದು ನಂಬಬೇಡಿ. (ಗಾರೆಯವರು ಬೇಜಾರು ಮಾಡಿಕೊಳ್ಳದಿರಲಿ!) ದಾರಕ್ಕೊಂದು ಬೀಗ ಕಟ್ಟಿ ಮೇಲಿನಿಂದ ಇಳಿಬಿಡಿ. ತೂಗಾಟ ನಿಂತ ಮೇಲೆ ದಾರದ ಗುಂಟ ಪೆನ್ಸಿಲ್ ಗೆರೆ ಎಳೆದು, ಪಟ್ಟಿಯ ಅಂಚನ್ನು ಅದಕ್ಕೆ ಸರಿಯಾಗಿ ಕೂರಿಸಿ. ಇಲ್ಲಿ ಒಂದು ನೂಲು ವಾಲಿದರೂ ಐದನೇ ಪಟ್ಟಿಯ ಹೊತ್ತಿಗೆ ಹೂಬಳ್ಳಿ ಕುಡಿದವರಂತೆ ನಿಂತಿರುತ್ತದೆ.

ಮೇಲೆ ಕೆಳಗೆ ಎರಡೆರಡು ಇಂಚು ಹೆಚ್ಚಿಗೆ ಬಿಟ್ಟು ಕತ್ತರಿಸಿ. ನಾನ್‌ವೋವನ್ ಬಗೆಯದಾದರೆ ಅಂಟನ್ನು ಗೋಡೆಗೇ ಬಳಿಯಿರಿ. ಸಾದಾ ಕಾಗದವಾದರೆ ಹಿಂಬದಿಗೆ ಬಳಿದು, ಮಡಿಸಿಟ್ಟು, ಕೆಲವು ನಿಮಿಷ ನೆನೆಯಲು ಬಿಡಿ. ನಡುವಿನಿಂದ ಅಂಚಿನತ್ತ ಸವರುತ್ತ ಗಾಳಿ ಹೊರಗೆ ತಳ್ಳಿ. ಸಣ್ಣಪುಟ್ಟ ಗುಳ್ಳೆಗಳು ಒಣಗುವಾಗ ಎಷ್ಟೋ ಸಲ ತಾವೇ ಕೂರುತ್ತವೆ. ಬೇಗ ಒಣಗಲೆಂದು ಫ್ಯಾನ್ ಮಾತ್ರ ಹಾಕಬೇಡಿ, ಜೋಡಣೆ ಬಾಯಿಬಿಡುತ್ತದೆ.