ಗರ್ಭಾವಸ್ಥೆಯಲ್ಲಿ ಅಲರ್ಜಿ ಔಷಧಿ: ತಿಳಿದಿರಬೇಕಾದ ಸಂಗತಿಗಳು ಮತ್ತು ಸದಸ್ಯರ ಹೊಣೆ

ಪೀಠಿಕೆ

ಒಕ್ಕಣೆಯ ಧೂಳು, ಸೌದೆ ಒಲೆಯ ಹೊಗೆ, ಪಾರ್ಥೇನಿಯಂ ಗಿಡದ ಪರಾಗ ಮುಂತಾದವುಗಳಿಂದ ಸೀನು, ಮೂಗು ಸೋರುವಿಕೆ, ತುರಿಕೆ, ಉಬ್ಬಸ ಉಂಟಾಗುವುದು ಗ್ರಾಮಗಳಲ್ಲಿ ಸಾಮಾನ್ಯ. ಗರ್ಭಿಣಿಯರಿಗೆ ಈ ತೊಂದರೆ ಬಂದಾಗ ಎರಡು ಬಗೆಯ ತಪ್ಪುಗಳು ನಡೆಯುತ್ತವೆ. ವೈದ್ಯರನ್ನು ಕೇಳದೆ ಅಂಗಡಿಯಿಂದ ಮಾತ್ರೆ ತಂದು ಸೇವಿಸುವುದು ಒಂದು. ಔಷಧಿಯೆಂದರೆ ಶಿಶುವಿಗೆ ಕೇಡೆಂದು ಹೆದರಿ, ವೈದ್ಯರು ಕೊಟ್ಟ ಔಷಧಿಯನ್ನೂ ನಿಲ್ಲಿಸಿಬಿಡುವುದು ಇನ್ನೊಂದು. ಎರಡರಿಂದಲೂ ತಾಯಿ ಮತ್ತು ಶಿಶುವಿಗೆ ಅಪಾಯವುಂಟು.

ಭಯಕ್ಕೆ ಕಾರಣ

1957ರಲ್ಲಿ ಪಶ್ಚಿಮ ಜರ್ಮನಿಯಲ್ಲಿ ಥ್ಯಾಲಿಡೋಮೈಡ್ ಎಂಬ ಶಾಮಕ ಔಷಧಿ ಮಾರಾಟಕ್ಕೆ ಬಂದಿತು. ಗರ್ಭಿಣಿಯರ ವಾಕರಿಕೆಗೂ ಅದನ್ನು ಬಳಸಲಾಯಿತು. 1961ರಲ್ಲಿ ಅದನ್ನು ಹಿಂತೆಗೆದುಕೊಳ್ಳುವಷ್ಟರಲ್ಲಿ ಹಲವು ದೇಶಗಳಲ್ಲಿ ಸಾವಿರಾರು ಶಿಶುಗಳು ಕೈಕಾಲುಗಳ ಊನದೊಡನೆ ಜನಿಸಿದ್ದವು. ಅದು ಅಲರ್ಜಿಯ ಔಷಧಿಯಲ್ಲ. ಆದರೆ ಗರ್ಭಾವಸ್ಥೆಯಲ್ಲಿ ಪ್ರತಿಯೊಂದು ಔಷಧಿಯನ್ನೂ ಪ್ರತ್ಯೇಕವಾಗಿ ಪರಿಶೀಲಿಸಬೇಕೆಂಬ ಪಾಠವನ್ನು ಜಗತ್ತು ಅದರಿಂದ ಕಲಿಯಿತು. ಮೊದಲ ಮೂರು ತಿಂಗಳು ಶಿಶುವಿನ ಅಂಗಾಂಗಗಳು ರೂಪುಗೊಳ್ಳುವ ಕಾಲವಾದುದರಿಂದ ಆಗ ಹೆಚ್ಚಿನ ಎಚ್ಚರಿಕೆ ಅಗತ್ಯ.

ಔಷಧಿಗಳ ವಿವರ

1. ಅಲರ್ಜಿ ನಿವಾರಕ ಮಾತ್ರೆಗಳು: ಸೆಟಿರಿಜಿನ್, ಲೊರಾಟಡಿನ್, ಕ್ಲೋರ್‌ಫೆನಿರಮೈನ್ ಈ ಗುಂಪಿನವು. ಇವನ್ನು ಸೇವಿಸಿದ ಬಹುಸಂಖ್ಯೆಯ ಗರ್ಭಿಣಿಯರ ಅಧ್ಯಯನಗಳಲ್ಲಿ ಜನ್ಮದೋಷಗಳು ಹೆಚ್ಚಿದ್ದು ಕಂಡುಬಂದಿಲ್ಲ. ಆದುದರಿಂದ ಅಗತ್ಯವಿದ್ದಾಗ ವೈದ್ಯರು ಇವನ್ನು ಬರೆದುಕೊಡುತ್ತಾರೆ. ಕ್ಲೋರ್‌ಫೆನಿರಮೈನ್ ಹೆಚ್ಚು ತೂಕಡಿಕೆ ತರುತ್ತದೆ.

2. ಕಟ್ಟಿದ ಮೂಗು ಬಿಡಿಸುವ ಮಾತ್ರೆಗಳು: ಫಿನೈಲೆಫ್ರಿನ್, ಸ್ಯೂಡೋಎಫೆಡ್ರಿನ್ ರಕ್ತನಾಳಗಳನ್ನು ಕುಗ್ಗಿಸುತ್ತವೆ, ರಕ್ತದೊತ್ತಡವನ್ನು ಏರಿಸಬಲ್ಲವು. ಮೊದಲ ಮೂರು ತಿಂಗಳಲ್ಲಿ ಹಾಗೂ ರಕ್ತದೊತ್ತಡವಿರುವ ಗರ್ಭಿಣಿಯರು ಇವನ್ನು ಸೇವಿಸಬಾರದು. ಅಂಗಡಿಯಲ್ಲಿ ನೆಗಡಿಗೆಂದು ಕೊಡುವ ಅನೇಕ ಮಾತ್ರೆಗಳಲ್ಲಿ ಅಲರ್ಜಿ ನಿವಾರಕದೊಡನೆ ಫಿನೈಲೆಫ್ರಿನ್ ಕೂಡ ಸೇರಿರುತ್ತದೆ. ಹೆಸರು ಕೇಳಿ ಕೊಳ್ಳುವವರಿಗೆ ಇದು ತಿಳಿಯುವುದಿಲ್ಲ.

3. ಸ್ಟೀರಾಯ್ಡ್‌ಗಳು: ಮೂಗಿಗೆ ಸಿಂಪಡಿಸುವ ಅಥವಾ ಉಸಿರಿನೊಡನೆ ಎಳೆದುಕೊಳ್ಳುವ ಬುಡೆಸೊನೈಡ್ ರಕ್ತಕ್ಕೆ ಸೇರುವುದು ಅಲ್ಪ, ಗರ್ಭಾವಸ್ಥೆಯಲ್ಲಿ ಇದರ ಬಳಕೆಗೆ ಉತ್ತಮ ಅನುಭವವಿದೆ. ಆದರೆ ಬೀಟಾಮೆಥಸೋನ್, ಡೆಕ್ಸಾಮೆಥಸೋನ್ ಮಾತ್ರೆಗಳ ವಿಷಯ ಬೇರೆ. ಇವು ಮಾಸುವಿನ ಮೂಲಕ ಶಿಶುವನ್ನು ತಲುಪುತ್ತವೆ. ತಾಯಿಯ ರಕ್ತದ ಸಕ್ಕರೆಯನ್ನು ಹೆಚ್ಚಿಸುತ್ತವೆ. ತುರಿಕೆ ಬೇಗ ತಗ್ಗುವುದೆಂದು ವೈದ್ಯರ ಚೀಟಿಯಿಲ್ಲದೆ ಇವನ್ನು ಸೇವಿಸಕೂಡದು.

4. ಉಬ್ಬಸದ ಇನ್‌ಹೇಲರ್: ಇದನ್ನು ಗರ್ಭಿಣಿಯರು ತಾವಾಗಿ ನಿಲ್ಲಿಸಬಾರದು. ತಾಯಿಗೆ ಉಸಿರು ಕಟ್ಟಿದರೆ ಶಿಶುವಿಗೂ ಆಮ್ಲಜನಕ ಕಡಿಮೆಯಾಗುತ್ತದೆ. ಹತೋಟಿಯಲ್ಲಿಲ್ಲದ ಉಬ್ಬಸದಿಂದ ಅವಧಿಪೂರ್ವ ಹೆರಿಗೆ ಮತ್ತು ಕಡಿಮೆ ತೂಕದ ಶಿಶುವಿನ ಜನನದ ಸಂಭವ ಹೆಚ್ಚುತ್ತದೆ.

ಮೂಗಿನ ತೊಂದರೆ ಸೌಮ್ಯವಾಗಿದ್ದಲ್ಲಿ, ಕುದಿಸಿ ಆರಿಸಿದ ನೀರಿನಲ್ಲಿ ಮಾಡಿದ ಹದವಾದ ಉಪ್ಪುನೀರಿನಿಂದ ಮೂಗು ತೊಳೆಯುವುದು, ಧೂಳು ಹೊಗೆಗಳಿಂದ ದೂರವಿರುವುದು ಮೊದಲ ಉಪಾಯ.

ಅಲರ್ಜಿಯೆಂದು ಕಡೆಗಣಿಸಬಾರದ ಲಕ್ಷಣಗಳು

ಕೆಲವು ಗರ್ಭಿಣಿಯರಿಗೆ ಅಲರ್ಜಿಯಿಲ್ಲದೆಯೂ ಮೂಗು ಕಟ್ಟುತ್ತದೆ. ಹೆರಿಗೆಯಾದ ಬಳಿಕ ತಾನಾಗಿ ವಾಸಿಯಾಗುತ್ತದೆ. ಆದರೆ ಕೊನೆಯ ತಿಂಗಳುಗಳಲ್ಲಿ ಗುಳ್ಳೆಗಳಿಲ್ಲದೆ ಅಂಗೈ ಅಂಗಾಲುಗಳಲ್ಲಿ, ವಿಶೇಷವಾಗಿ ರಾತ್ರಿ ವೇಳೆ, ತೀವ್ರ ತುರಿಕೆಯಿದ್ದರೆ ಅದು ಯಕೃತ್ತಿನ ತೊಂದರೆಯ ಸೂಚನೆಯಾಗಿರಬಹುದು. ಅದರಿಂದ ಗರ್ಭಸ್ಥ ಶಿಶುವಿನ ಜೀವಕ್ಕೂ ಅಪಾಯವಿರುವುದರಿಂದ ತಡಮಾಡದೆ ರಕ್ತಪರೀಕ್ಷೆ ಆಗತಕ್ಕದ್ದು. ತುಟಿ, ಮುಖ ಊದಿ ಉಸಿರಾಟ ಕಷ್ಟವಾದಲ್ಲಿ ಕೂಡಲೇ 108ಕ್ಕೆ ಕರೆಮಾಡಬೇಕು.

ಸದಸ್ಯರ ಕರ್ತವ್ಯ

ಯಾವ ಮಾತ್ರೆ ಸೂಕ್ತವೆಂದು ಹೇಳುವುದು ಸದಸ್ಯರ ಕೆಲಸವಲ್ಲ. ಗರ್ಭಿಣಿಯ ಪ್ರಶ್ನೆ ಸಕಾಲದಲ್ಲಿ ವೈದ್ಯರನ್ನು ತಲುಪುವಂತೆ ಮಾಡುವುದು ಮತ್ತು ಅಲರ್ಜಿಯ ಕಾರಣಗಳನ್ನು ಗ್ರಾಮದಲ್ಲಿ ತಗ್ಗಿಸುವುದು ಅವರ ಹೊಣೆ. ಅದಕ್ಕಾಗಿ:

• ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿಯ ಸಭೆಯಲ್ಲಿ ಈ ವಿಷಯವನ್ನು ಚರ್ಚಿಸುವುದು.

• ಉಬ್ಬಸ ಅಥವಾ ಅಲರ್ಜಿಯಿರುವ ಗರ್ಭಿಣಿಯರ ವಿವರ ತಾಯಿ ಕಾರ್ಡಿನಲ್ಲಿ ದಾಖಲಾಗುವಂತೆ ಆಶಾ ಕಾರ್ಯಕರ್ತೆಯರ ಮೂಲಕ ನೋಡಿಕೊಳ್ಳುವುದು. ಇಂತಹ ವೈಯಕ್ತಿಕ ವಿವರಗಳನ್ನು ಸಭೆಯಲ್ಲಿ ಬಹಿರಂಗಪಡಿಸಬಾರದು.

• ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದಡಿ ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ನಡೆಯುವ ಉಚಿತ ತಪಾಸಣೆಗೆ, ಮನೆಯಲ್ಲಿರುವ ಎಲ್ಲ ಮಾತ್ರೆಗಳ ಪಟ್ಟಿಯೊಡನೆ ಹೋಗುವಂತೆ ತಿಳಿಹೇಳುವುದು.

• ಅಂಗನವಾಡಿ, ಶಾಲೆ ಮತ್ತು ರಸ್ತೆ ಬದಿಯ ಪಾರ್ಥೇನಿಯಂ ಗಿಡಗಳನ್ನು ಹೂಬಿಡುವ ಮುನ್ನವೇ ಕೀಳಿಸುವುದು. ಕೀಳುವವರಿಗೆ ಕೈಗವಸು, ಮುಖಗವಸು ಒದಗಿಸುವುದು. ಗರ್ಭಿಣಿಯರನ್ನು ಈ ಕೆಲಸಕ್ಕೆ ನಿಯೋಜಿಸದಿರುವುದು.

ಚರ್ಚೆಗೆ ಪ್ರಶ್ನೆಗಳು

1. ಔಷಧಿ ಅಂಗಡಿಯಲ್ಲಿ ಗರ್ಭಿಣಿಯೆಂದು ಮೊದಲೇ ತಿಳಿಸುವ ರೂಢಿ ಗ್ರಾಮದಲ್ಲಿದೆಯೇ?

2. ಉಬ್ಬಸವಿರುವ ಗರ್ಭಿಣಿಗೆ ರಾತ್ರಿ ವೇಳೆ ತೊಂದರೆಯಾದರೆ ಆಸ್ಪತ್ರೆ ತಲುಪಿಸುವ ವ್ಯವಸ್ಥೆ ಏನು?

3. ಮುಂಬರುವ ಮಳೆಗಾಲದಲ್ಲಿ ಯಾವ ವಾರ್ಡುಗಳಿಂದ ಪಾರ್ಥೇನಿಯಂ ನಿರ್ಮೂಲನೆ ಆರಂಭವಾಗಬೇಕು?